ಸೊಪ್ಪಿನ ಮೇಲೇಕೆ ಈ ಸಿಟ್ಟು?

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಕೆಲವು ವರ್ಷಗಳಿಂದ ಒಂದು ಆಜ್ಞೆ ಮನೆಯಿಂದ ಮನೆಗೆ ಸಂಚಾರ ಮಾಡುತ್ತಿದೆ. ಅದಕ್ಕೆ ಸಹಿಯಿಲ್ಲ, ಮೊಹರಿಲ್ಲ; ಆದರೂ ಅದನ್ನು ಮೀರಲು ಜನ ಹೆದರುತ್ತಾರೆ. “ರಕ್ತ ತೆಳುವಾಗುವ ಮಾತ್ರೆ ನುಂಗುವವರು ಸೊಪ್ಪು ತಿನ್ನಕೂಡದು” ಎಂಬುದೇ ಆ ಆಜ್ಞೆ. ಹೃದಯದ ಕವಾಟ ಬದಲಾಯಿಸಿಕೊಂಡು ಬಂದವರಿಗೆ ಇದನ್ನು ಹೇಳುತ್ತಾರೆ. ಎದೆಬಡಿತ ತಾಳ ತಪ್ಪಿದವರಿಗೆ ಹೇಳುತ್ತಾರೆ. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿ ಬಾವು ಬಂದವರಿಗೆ ಹೇಳುತ್ತಾರೆ. ಹೇಳುವವರು ಒಮ್ಮೆ ಡಾಕ್ಟರು, ಒಮ್ಮೆ ಔಷಧದ ಅಂಗಡಿಯವರು, ಒಮ್ಮೆ ಪಕ್ಕದ ಹಾಸಿಗೆಯ ರೋಗಿ. ಇದು ಅರ್ಧ ತಿಳಿವಿನಿಂದ ಹುಟ್ಟಿದ ಆಜ್ಞೆ, ರೋಗಿಗೆ ಹಿತಕ್ಕಿಂತ ಕೇಡನ್ನೇ ಹೆಚ್ಚು ಮಾಡುವ ಆಜ್ಞೆ ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಸೊಪ್ಪು ಬಿಡಿ ಎಂಬ ಮಾತು ಬೇರೆ ಸೀಮೆಯವರಿಗೆ ಅಷ್ಟೇನೂ ದೊಡ್ಡ ಶಿಕ್ಷೆಯಾಗದೆ ಇರಬಹುದು. ನಮ್ಮಲ್ಲಿ ಅದು ಊಟದ ಅರ್ಧವನ್ನು ಎತ್ತಿಕೊಂಡು ಹೋದಂತೆ. ಮುದ್ದೆಗೆ ಜೊತೆಯಾಗಿ ಬರುವುದು ಬಸ್ಸಾರು, ಮಸ್ಸೊಪ್ಪು, ಉಪ್ಪೆಸರು. ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಅಣ್ಣೆ, ಗಣಿಕೆ, ಕೀರೆ, ಹೊನಗೊನೆಗಳನ್ನು ಮಡಿಲಿಗೆ ಕಿತ್ತು ತಂದು ಬೆರಕೆ ಸೊಪ್ಪೆಂದು ಬೇಯಿಸುವುದಕ್ಕೆ ಕಾಸು ಬೇಕಿಲ್ಲ. ಹಿತ್ತಲ ನುಗ್ಗೆಗೂ ಬೇಕಿಲ್ಲ. ಬಡವರ ಮನೆಗೆ ಕಬ್ಬಿಣದ ಅಂಶವೂ ನಾರೂ ಜೀವಸತ್ವಗಳೂ ಬರುವುದು ಬಹುಪಾಲು ಈ ದಾರಿಯಿಂದಲೇ. ಮಳವಳ್ಳಿ ಕಡೆಯ ಒಬ್ಬ ಅಜ್ಜಿ ಹೇಳಿದ ಮಾತು ಕೇಳಿ: “ಸಕ್ಕರೆ ಕಾಯ್ಲೆಯೋರು ಅನ್ನ ಬುಡಿ ಅಂದ್ರು, ಬುಟ್ಟೆ. ಬೀಪಿಯೋರು ಉಪ್ಪು ಬುಡಿ ಅಂದ್ರು, ಬುಟ್ಟೆ. ಈಗ ಸೊಪ್ಪೂ ಬುಡು ಅಂದ್ರೆ ಮುದ್ದೆಗೆ ಏನ್ ಹಾಕ್ಕಂಡು ಉಣ್ಲಿ ಸ್ವಾಮಿ?” ಆ ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕೊಡದೆ ಇರುವುದರಿಂದಲೇ ಇಷ್ಟು ಬರೆಯಬೇಕಾಗಿ ಬಂತು.

ಮೊದಲು ಈ ಮಾತ್ರೆ ಎಂಥದ್ದೆಂದು ನೋಡೋಣ. ಅದರ ಹುಟ್ಟಿನ ಕಥೆ ದನದ ಕೊಟ್ಟಿಗೆಗೆ ಸೇರಿದ್ದಾದುದರಿಂದ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳ ಉತ್ತರದ ಬಯಲುಗಳಲ್ಲಿ ದನಗಳು ವಿಚಿತ್ರವಾಗಿ ಸಾಯತೊಡಗಿದುವು. ಕೊಂಬು ಕತ್ತರಿಸಿದರೆ, ಬೀಜ ಒಡೆದರೆ, ರಕ್ತ ನಿಲ್ಲದೆ ಸೋರಿ ಪ್ರಾಣಬಿಡುತ್ತಿದ್ದುವು. ಕೆನಡಾದ ಪಶುವೈದ್ಯ ಫ್ರ್ಯಾಂಕ್ ಸ್ಕೋಫೀಲ್ಡ್ ಎಂಬುವರು ಕಾರಣ ಹುಡುಕಿದರು: ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡವನ್ನು ಸರಿಯಾಗಿ ಒಣಗಿಸದೆ ಒಟ್ಟಿದಾಗ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದ ಆ ಮೇವೇ ವಿಷ. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ಪ್ರಾಂತದ ಒಬ್ಬ ರೈತ ಸತ್ತ ಪಡ್ಡೆಯನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ, ಒಂದಿಷ್ಟು ಕೆಟ್ಟ ಮೇವನ್ನೂ ಹೇರಿಕೊಂಡು ಹಿಮ ಸುರಿಯುವಾಗ ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಬಂದ. ಅಲ್ಲಿ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ಶಾಸ್ತ್ರಜ್ಞರೂ ಅವರ ಸಂಗಡಿಗರೂ ವರ್ಷಗಟ್ಟಲೆ ಹೆಣಗಿ 1939ರಲ್ಲಿ ಆ ವಸ್ತುವನ್ನು ಬೇರ್ಪಡಿಸಿದರು. ಅದರ ಸಂತತಿಯೇ ವಾರ್ಫರಿನ್. 1948ರಲ್ಲಿ ಅದು ಇಲಿ ಪಾಷಾಣವಾಗಿ ಮಾರಾಟಕ್ಕೆ ಬಂತು; 1954ರಲ್ಲಿ ಮನುಷ್ಯರ ಔಷಧವಾಗಿ ಒಪ್ಪಿಗೆ ಪಡೆಯಿತು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೆ ಹೃದಯಾಘಾತವಾದಾಗ ಅವರಿಗೂ ಇದನ್ನು ಕೊಟ್ಟರು. ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವ ಅಸೆನೊಕೌಮರಾಲ್ ಇದೇ ವಂಶದ್ದು.

“ಇಲಿ ಪಾಷಾಣ ತಿನ್ನಿಸುತ್ತಿದ್ದಾರೆ” ಎಂದು ಹೆದರಿಸುವವರು ಊರಿಗೊಬ್ಬರಿದ್ದಾರೆ. ಅಳತೆ ತಪ್ಪಿದರೆ ಉಪ್ಪೂ ವಿಷವೇ. ಈ ಮಾತ್ರೆಯಲ್ಲಿ ಅಳತೆಯೇ ಸರ್ವಸ್ವ.

ಇನ್ನು ಸೊಪ್ಪಿಗೂ ಇದಕ್ಕೂ ಏನು ಸಂಬಂಧ? ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಎಂಬುವರು 1929ರ ಸುಮಾರಿಗೆ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ನೋಡುತ್ತಿದ್ದಾಗ ಮರಿಗಳಿಗೆ ರಕ್ತಸ್ರಾವವಾಯಿತು. ಆಹಾರದಲ್ಲಿ ಏನೋ ಒಂದು ಕೊರತೆಯಾಗಿದೆ ಎಂದು ಊಹಿಸಿ, ರಕ್ತ ಹೆಪ್ಪುಗಟ್ಟಿಸುವ ಆ ವಸ್ತುವಿಗೆ ತಮ್ಮ ಭಾಷೆಯ ‘ಕೊಆಗುಲೇಷನ್’ ಎಂಬ ಪದದ ಮೊದಲಕ್ಷರದಿಂದ ‘ಕೆ’ ಜೀವಸತ್ವವೆಂದು ಹೆಸರಿಟ್ಟರು. 1943ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ದೊರೆಯಿತು. ಈ ಜೀವಸತ್ವ ಹಸಿರೆಲೆಗಳಲ್ಲಿ ಹೇರಳವಾಗಿದೆ. ನಮ್ಮ ಪಿತ್ತಜನಕಾಂಗ ರಕ್ತ ಹೆಪ್ಪುಗಟ್ಟಿಸುವ ಕೆಲವು ವಸ್ತುಗಳನ್ನು ಸಿದ್ಧಮಾಡಲು ಇದನ್ನು ಬಳಸುತ್ತದೆ. ಮಾತ್ರೆ ಮಾಡುವುದು ಇಷ್ಟೆ: ಒಮ್ಮೆ ಬಳಸಿದ ಜೀವಸತ್ವ ಮತ್ತೆ ಬಳಕೆಗೆ ಬಾರದಂತೆ ತಡೆಯುತ್ತದೆ. ರಕ್ತವೇನೂ ನೀರಿನ ಹಾಗೆ ತೆಳುವಾಗುವುದಿಲ್ಲ; ಹೆಪ್ಪುಗಟ್ಟುವುದು ತಡವಾಗುತ್ತದೆ.

ತಡ ಎಷ್ಟು ಎಂಬುದನ್ನು ಅಳೆಯುವುದಕ್ಕೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆಯಿದೆ. ಮಾತ್ರೆ ತಿನ್ನದ ಆರೋಗ್ಯವಂತರಲ್ಲಿ ಅದು 1ರ ಆಸುಪಾಸು. ಮಾತ್ರೆ ತಿನ್ನುವ ಬಹುಮಂದಿಗೆ 2ರಿಂದ 3ರೊಳಗೆ ಇರಬೇಕು; ಲೋಹದ ಕವಾಟ ಹಾಕಿಸಿಕೊಂಡ ಕೆಲವರಿಗೆ 2.5ರಿಂದ 3.5. ಇಳಿದರೆ ಕವಾಟದ ಮೇಲೆ ರಕ್ತ ಗಂಟುಗಟ್ಟಿ, ಆ ಗಂಟು ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಏರಿದರೆ ಹೊಟ್ಟೆಯಲ್ಲೋ ಮಿದುಳಿನಲ್ಲೋ ರಕ್ತ ಸೋರಬಹುದು.

ಈಗ ಯೋಚಿಸಿ ನೋಡಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಮಾತ್ರೆ, ಇನ್ನೊಂದು ತಟ್ಟೆಯಲ್ಲಿ ಊಟದ ಸೊಪ್ಪು. ಮುಳ್ಳು ನಡುವೆ ನಿಲ್ಲುವ ಹಾಗೆ ಡಾಕ್ಟರು ಮಾತ್ರೆಯ ತೂಕ ಗೊತ್ತುಮಾಡುತ್ತಾರೆ. ಸೊಪ್ಪು ದಿನವೂ ಒಂದೇ ಅಳತೆಯಲ್ಲಿದ್ದರೆ ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದು. ಸೊಪ್ಪಿನ ತಟ್ಟೆಯನ್ನೇ ಬರಿದು ಮಾಡಿದರೆ? ಅಂಥವನ ಮೈಯಲ್ಲಿ ‘ಕೆ’ ಜೀವಸತ್ವದ ಕೂಡಿಟ್ಟ ಗಂಟು ಬಹಳ ಸಣ್ಣದು. ಒಂದು ದಿನ ನೆಂಟರ ಮನೆಯಲ್ಲಿ ಮಸ್ಸೊಪ್ಪು ಉಂಡರೆ ಮುಳ್ಳು ಈ ಕಡೆಗೆ ಹಾರುತ್ತದೆ. ಎರಡು ದಿನ ಜ್ವರ ಬಂದು ಊಟ ಬಿಟ್ಟರೆ ಆ ಕಡೆಗೆ ಹಾರುತ್ತದೆ. ಇದು ಬರಿಯ ತರ್ಕವಲ್ಲ. ಇಂಗ್ಲೆಂಡಿನ ನ್ಯೂಕಾಸಲ್‌ನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೇನೆಂದರೆ, ಐ.ಎನ್.ಆರ್. ನಿಲ್ಲದೆ ಏರಿಳಿಯುವ ರೋಗಿಗಳು ‘ಕೆ’ ಜೀವಸತ್ವವನ್ನು ಹೆಚ್ಚಾಗಿ ತಿನ್ನುವವರಲ್ಲ, ಕಡಿಮೆ ತಿನ್ನುವವರು! 2007ರಲ್ಲಿ ಅವರೇ ಅಂಥ ರೋಗಿಗಳಿಗೆ ದಿನಕ್ಕೆ 150 ಮೈಕ್ರೊಗ್ರಾಮಿನಷ್ಟು ‘ಕೆ’ ಜೀವಸತ್ವವನ್ನು ಕೊಟ್ಟು ಪರೀಕ್ಷಿಸಿದಾಗ ಏರಿಳಿತ ಕಡಿಮೆಯಾಯಿತು. ನಾವು ಯಾವುದನ್ನು ಶತ್ರುವೆಂದು ಓಡಿಸುತ್ತಿದ್ದೇವೆಯೋ ಅದು ಸಮನಾದ ಅಳತೆಯಲ್ಲಿ ಬಂದರೆ ಮಿತ್ರನೇ ಎಂದಾಯಿತು.

ಇದಕ್ಕೆ ಎದುರು ಪಕ್ಷದವರು ಹೇಳುವ ಸಮಾಧಾನ ನನಗೆ ಗೊತ್ತು. “ನಮ್ಮ ರೋಗಿಗಳು ಓದುಬರಹ ಬಲ್ಲವರಲ್ಲ. ‘ಸಮನಾಗಿ ತಿನ್ನು’ ಎಂದರೆ ಅರ್ಥವಾಗುವುದಿಲ್ಲ. ‘ಬಿಡು’ ಎಂದರೆ ಅರ್ಥವಾಗುತ್ತದೆ. ಹೊರಗೆ ನೂರು ಜನ ಕಾದಿರುವಾಗ ಇಷ್ಟೇ ಹೇಳಲು ಸಾಧ್ಯ.” ಕಾದಿರುವ ನೂರು ಜನರ ವಿಚಾರ ನಿಜ; ಅದಕ್ಕಾಗಿ ಡಾಕ್ಟರನ್ನು ಬೈಯುವುದು ನ್ಯಾಯವಲ್ಲ. ಆದರೆ ಅರ್ಥವಾಗುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಾಲೆಯಲ್ಲಿ ನೀರು ಬಿಡುವ ಸರದಿ ನೋಡಿಕೊಂಡು, ಯಾವ ಗದ್ದೆಗೆ ಎಷ್ಟು ಹೊತ್ತು ತೂಬು ತೆಗೆಯಬೇಕೆಂದು ಬಲ್ಲ ರೈತನಿಗೆ ‘ಸಮನಾಗಿ’ ಎಂದರೆ ಅರ್ಥವಾಗದೆ? ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಹಾಲಿನ ಡೈರಿಯಲ್ಲಿ ನಿಂತು ಇಂದಿನ ಕೊಬ್ಬಿನ ಅಂಶ ನಿನ್ನೆಗಿಂತ ಎಷ್ಟು ಇಳಿಯಿತು, ಏಕೆ ಇಳಿಯಿತು, ಹಸುವಿನ ಮೇವಿನಲ್ಲಿ ಏನು ಬದಲಾಯಿತು ಎಂದು ಲೆಕ್ಕ ಕೇಳುತ್ತಾರೆ. ಮೇವು ಬದಲಾದರೆ ಹಾಲಿನ ಅಂಕಿ ಬದಲಾಗುತ್ತದೆ ಎಂದು ಬಲ್ಲವಳಿಗೆ, ಊಟ ಬದಲಾದರೆ ರಕ್ತದ ಅಂಕಿ ಬದಲಾಗುತ್ತದೆ ಎಂದು ತಿಳಿಸಲು ಎಷ್ಟು ಹೊತ್ತು ಬೇಕು? ಎರಡು ನಿಮಿಷ ಸಾಕು.

ಅಡುಗೆಯ ಮನೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ‘ಕೆ’ ಜೀವಸತ್ವ ಕೊಬ್ಬಿನಲ್ಲಿ ಕರಗುವಂಥದು, ನೀರಿನಲ್ಲಿ ಕರಗುವಂಥದಲ್ಲ; ಬೇಯಿಸಿದರೆ ಹೆಚ್ಚು ನಾಶವಾಗುವುದೂ ಇಲ್ಲ. ಬಸ್ಸಾರು ಮಾಡುವಾಗ ಬೆಂದ ಸೊಪ್ಪು-ಕಾಳನ್ನು ಬಸಿದು, ಬಸಿದ ಕಟ್ಟಿನಿಂದ ಸಾರು ಮಾಡಿ, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತಾರಷ್ಟೆ. ಜೀವಸತ್ವದ ಬಹುಪಾಲು ನಿಲ್ಲುವುದು ಆ ಪಲ್ಯದಲ್ಲಿ, ಸಾರಿನಲ್ಲಲ್ಲ. ಸೊಪ್ಪನ್ನೆಲ್ಲ ಮಸೆದು ಕೂಡಿಸುವ ಮಸ್ಸೊಪ್ಪಿನಲ್ಲಿ ಎಲ್ಲವೂ ತಟ್ಟೆಗೇ ಬರುತ್ತದೆ. ಆದುದರಿಂದ ರೋಗಿಗೆ ಹೇಳಬೇಕಾದದ್ದು ಹೀಗೆ: “ಅವ್ವ, ಸೊಪ್ಪಿನ ಪಲ್ಯ ದಿನಕ್ಕೆ ಒಂದು ಸೌಟು. ಸೋಮವಾರವೂ ಒಂದು ಸೌಟು, ಶನಿವಾರವೂ ಒಂದು ಸೌಟು. ಮಳೆ ಬಿದ್ದು ಹೊಲದ ತುಂಬ ಸೊಪ್ಪು ಚಿಗುರಿದಾಗ ಮೂರು ಸೌಟು ಬೇಡ; ಬೇಸಗೆಯಲ್ಲಿ ಸೊನ್ನೆಯೂ ಬೇಡ.” ಒಗ್ಗರಣೆಯ ಕರಿಬೇವಿಗೂ ಸಾರಿನ ಮೇಲೆ ಉದುರಿಸಿದ ಕೊತ್ತಂಬರಿಗೂ ಹೆದರಬೇಕಾದದ್ದಿಲ್ಲ. ಹಬ್ಬ, ಉಪವಾಸ, ಶ್ರಾವಣದ ಶನಿವಾರ, ಜಾತ್ರೆಯ ಬಾಡೂಟ ಇವು ಬಂದುಹೋಗುವ ದಿನಗಳು; ಹೊಟ್ಟೆ ಪೂರ್ತಿ ಬರಿದು ಬಿಡುವ ಉಪವಾಸಕ್ಕಿಂತ ಮುಂಚೆ ಮಾತ್ರ ಡಾಕ್ಟರನ್ನು ಕೇಳಿಕೊಳ್ಳಬೇಕು. ವಾಂತಿ-ಭೇದಿಯಾಗಿ ನಾಲ್ಕು ದಿನ ಊಟ ಸೇರದಿದ್ದರೂ ಹಾಗೆಯೇ.

ಇಲ್ಲಿ ಒಂದು ಎಚ್ಚರಿಕೆ. ಈಗಾಗಲೇ ಸೊಪ್ಪು ಬಿಟ್ಟು ವರ್ಷಗಳಾದವರು ಈ ಲೇಖನ ಓದಿ ನಾಳೆಯೇ ಬಟ್ಟಲು ತುಂಬ ಮಸ್ಸೊಪ್ಪು ಉಣ್ಣಕೂಡದು. ಅವರ ಮಾತ್ರೆಯ ಅಳತೆ ಸೊಪ್ಪಿಲ್ಲದ ಊಟಕ್ಕೆ ಹೊಂದಿದೆ. ಡಾಕ್ಟರಿಗೆ ಹೇಳಿ, ಸ್ವಲ್ಪಸ್ವಲ್ಪವಾಗಿ ಆರಂಭಿಸಿ, ರಕ್ತಪರೀಕ್ಷೆ ಮಾಡಿಸಿಕೊಂಡು ಮುಂದುವರಿಯಬೇಕು. ಮಾತ್ರೆಯ ಅಳತೆಯನ್ನು ತಾವೇ ಬದಲಿಸುವುದಂತೂ ಎಂದಿಗೂ ಕೂಡದು.

ಇದೆಲ್ಲಕ್ಕಿಂತ ನನಗೆ ಸೋಜಿಗವಾಗುವ ಸಂಗತಿ ಇನ್ನೊಂದಿದೆ. ಪಾಪದ ಸೊಪ್ಪನ್ನು ಹಿಡಿದು ಕಂಬಕ್ಕೆ ಕಟ್ಟಿದ ನಾವು ನಿಜವಾದ ಕಳ್ಳರನ್ನು ಬಾಗಿಲು ತೆರೆದು ಒಳಗೆ ಕರೆಯುತ್ತಿದ್ದೇವೆ. ಕಬ್ಬು ಕಡಿದು ಸೊಂಟ ಹಿಡಿದವನು ಅಂಗಡಿಗೆ ಹೋಗಿ ನೋವಿನ ಮಾತ್ರೆ ಕೇಳುತ್ತಾನೆ. ಡೈಕ್ಲೊಫೆನಾಕೋ ಐಬುಪ್ರೊಫೆನೋ ಕೈಗೆ ಬರುತ್ತದೆ. ಇವು ಹೊಟ್ಟೆಯ ಒಳಪೊರೆಯನ್ನು ಕೆರಳಿಸುತ್ತವೆ. ಹೆಪ್ಪುಗಟ್ಟಿಸುವ ಕಣಗಳ ಕೆಲಸವನ್ನೂ ಕೆಡಿಸುತ್ತವೆ. ರಕ್ತ ತಡೆಯುವ ಮಾತ್ರೆಯೊಡನೆ ಇವು ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಭಯ ಬಹಳ ಹೆಚ್ಚುತ್ತದೆ. ಜ್ವರ ಬಂದವನು “ಒಂದು ಸೂಜಿ ಹಾಕಿ ಸ್ವಾಮಿ” ಎನ್ನುತ್ತಾನೆ. ಮಾಂಸಖಂಡಕ್ಕೆ ಚುಚ್ಚಿದ ಜಾಗದಲ್ಲಿ ಒಳಗೇ ರಕ್ತ ತುಂಬಿ ತೊಡೆ ಊದಬಹುದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಮೂತ್ರದ ಸೋಂಕಿಗೆ ಕೊಡುವ ಕೋ-ಟ್ರೈಮೊಕ್ಸಜೋಲ್, ಗಜಕರ್ಣಕ್ಕೆ ನುಂಗುವ ಫ್ಲುಕೊನಜೋಲ್ ಐ.ಎನ್.ಆರ್. ಅಂಕಿಯನ್ನು ಕೆಲವೇ ದಿನಗಳಲ್ಲಿ ಮೇಲಕ್ಕೇರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಕೆಳಕ್ಕೆಳೆಯುತ್ತದೆ. ಹೆಂಡದ ಮಾತು ಹೇಳಲೇಬೇಕಿಲ್ಲ. ಅದು ಅಂಕಿಯನ್ನೂ ಕೆಡಿಸುತ್ತದೆ, ಬೀಳಿಸಿ ತಲೆಯನ್ನೂ ಒಡೆಯುತ್ತದೆ. ಇಷ್ಟೆಲ್ಲ ಇರುವಾಗ ರೋಗಿಯ ಚೀಟಿಯಲ್ಲಿ ಬರೆದಿರುವುದು ಮಾತ್ರ “ಸೊಪ್ಪು ಬೇಡ”!

ಇನ್ನು ಶಕ್ತಿಯ ಪುಡಿಗಳು, ಕ್ಯಾಪ್ಸೂಲುಗಳು, ಕಷಾಯಗಳು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಈಗ ಮೊಬೈಲಿನಲ್ಲಿಯೂ ಇವುಗಳ ವ್ಯಾಪಾರ ಜೋರು. ಮಂಡಿನೋವಿಗೆ ಒಂದು ಪುಡಿ, ಸಕ್ಕರೆ ಕಾಯಿಲೆಗೆ ಒಂದು ಕಷಾಯ, “ರಕ್ತ ಶುದ್ಧಿ”ಗೆ ಒಂದು ಲೇಹ್ಯ. ಸಾರಿನ ಅರಿಸಿನದಿಂದಲೂ ಒಗ್ಗರಣೆಯ ಬೆಳ್ಳುಳ್ಳಿಯಿಂದಲೂ ತೊಂದರೆಯಿಲ್ಲ. ಆದರೆ ಅರಿಸಿನದ ಸಾರವನ್ನೋ ಬೆಳ್ಳುಳ್ಳಿಯ ಸಾರವನ್ನೋ ಭಟ್ಟಿಯಿಳಿಸಿದಂತೆ ಗಟ್ಟಿಮಾಡಿ ತುಂಬಿದ ಕ್ಯಾಪ್ಸೂಲು ಬೇರೆ ಮಾತು. ರಕ್ತಸ್ರಾವದ ಭಯವನ್ನು ಅವು ಹೆಚ್ಚಿಸಬಲ್ಲವು. ನುಗ್ಗೆಸೊಪ್ಪನ್ನು ಒಣಗಿಸಿ ಪುಡಿಮಾಡಿದರೆ ಒಂದು ಬಟ್ಟಲಿನ ಸೊಪ್ಪು ಎರಡು ಚಮಚೆಗೆ ಇಳಿಯುತ್ತದೆ. ಸಾರು ತಿನ್ನಲು ಹೆದರಿದವನು ಆ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಯುತ್ತಾನೆ! ಕೆಲವು ಜೀವಸತ್ವದ ಮಾತ್ರೆಗಳಲ್ಲಿಯೂ ಪುಷ್ಟಿಯ ಪುಡಿಗಳಲ್ಲಿಯೂ ‘ಕೆ’ ಜೀವಸತ್ವವನ್ನು ಸೇರಿಸಿರುತ್ತಾರೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಅದು ಅಚ್ಚಾಗಿರುತ್ತದೆ.

“ಗಿಡಮೂಲಿಕೆ ತಾನೆ, ಏನೂ ಮಾಡುವುದಿಲ್ಲ” ಎನ್ನುವವರಿಗೆ ನನ್ನದೊಂದೇ ಪ್ರಶ್ನೆ. ಈ ರಕ್ತದ ಮಾತ್ರೆ ಹುಟ್ಟಿದ್ದು ಎಲ್ಲಿಂದ? ದನ ತಿಂದ ಮೇವಿನಿಂದಲ್ಲವೆ? ಗಿಡದಿಂದ ಬಂದದ್ದೆಲ್ಲ ಸಾಧುವಾಗಿದ್ದರೆ ವಿಸ್ಕಾನ್ಸಿನ್ನಿನ ಆ ಪಡ್ಡೆ ಏಕೆ ಸಾಯಬೇಕಾಗಿತ್ತು? ಗುಣ ಮಾಡುವ ಶಕ್ತಿಯಿದ್ದರೆ ಕೇಡುಮಾಡುವ ಶಕ್ತಿಯೂ ಇರುತ್ತದೆ. ನಾಟಿ ವೈದ್ಯವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಕೊಡುವವರು “ನೀನು ಬೇರೆ ಏನು ಮಾತ್ರೆ ತಿನ್ನುತ್ತೀಯೆ?” ಎಂದು ಕೇಳಬೇಡವೆ? ಆಸ್ಪತ್ರೆಯ ಡಾಕ್ಟರು “ಮನೆಯಲ್ಲಿ ಕಷಾಯ, ಪುಡಿ ಏನಾದರೂ ತೆಗೆದುಕೊಳ್ಳುತ್ತೀಯಾ?” ಎಂದು ಗದರಿಸದೆ ಕೇಳಬೇಡವೆ? ಗದರಿಸುವವರ ಮುಂದೆ ನಮ್ಮವರು ಬಾಯಿ ಬಿಡುವುದಿಲ್ಲ. ತಲೆಯಾಡಿಸಿ ಹೊರಬರುತ್ತಾರೆ.

“ಹೊಸ ಮಾತ್ರೆಗಳು ಬಂದಿವೆಯಲ್ಲ, ಅವಕ್ಕೆ ಸೊಪ್ಪಿನ ತಂಟೆಯಿಲ್ಲವಲ್ಲ” ಎಂದು ಪಟ್ಟಣದ ಓದುಗರು ಕೇಳಿಯಾರು. ನಿಜ, ಕೆಲವು ರೋಗಿಗಳಿಗೆ ಅವು ವರವೇ. ಆದರೆ ಲೋಹದ ಕವಾಟ ಹಾಕಿಸಿಕೊಂಡವರಿಗೆ ಅವು ಸಲ್ಲವು. ಬಾಲ್ಯದ ಗಂಟಲುನೋವಿನಿಂದ ಮೊದಲಾಗುವ ರುಮ್ಯಾಟಿಕ್ ಜ್ವರ ಕವಾಟವನ್ನು ಕೆಡಿಸಿ, ಎದೆಬಡಿತ ತಾಳ ತಪ್ಪಿದವರ ವಿಷಯದಲ್ಲಿ 2022ರಲ್ಲಿ ಪ್ರಕಟವಾದ ‘ಇನ್ವಿಕ್ಟಸ್’ ಎಂಬ ದೊಡ್ಡ ಪರೀಕ್ಷೆ ಹೊಸ ಮಾತ್ರೆಗಿಂತ ಹಳೆಯದೇ ಮೇಲು ಎಂದು ತೋರಿಸಿತು. ಇದು ಬಡವರ ಮನೆಯ ಕಾಯಿಲೆ. ಆದುದರಿಂದ ಹಳೆಯ ಮಾತ್ರೆಯೂ ಸೊಪ್ಪಿನ ಲೆಕ್ಕವೂ ನಮ್ಮ ಸೀಮೆಯಿಂದ ಸದ್ಯಕ್ಕೆ ಹೋಗುವಂಥವಲ್ಲ.

ಕವಾಟ ಬದಲಾಯಿಸುವ ವಿಷಯದಲ್ಲಿ ನಮ್ಮ ದೇಶ ಮಾಡಿರುವ ಸಾಧನೆ ಸಣ್ಣದಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ನಮ್ಮಲ್ಲೇ ಕವಾಟ ತಯಾರಿಸಿ 1990ರಲ್ಲಿ ಮೊದಲ ರೋಗಿಗೆ ಹಾಕಿದರು. 2003ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ಸಹಕಾರ ಸಂಘದ ರೈತನಿಗೂ ಹೃದಯದ ಶಸ್ತ್ರಚಿಕಿತ್ಸೆ ಎಟುಕುವಂತೆ ಮಾಡಿತು. ಇದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಶಸ್ತ್ರಚಿಕಿತ್ಸೆ ಒಂದು ದಿನದ ಕೆಲಸ. ಮಾತ್ರೆ ಸಾಯುವತನಕದ ಕೆಲಸ. ಮೊದಲನೆಯದಕ್ಕೆ ಯೋಜನೆಯಿದೆ, ಎರಡನೆಯದಕ್ಕೆ ಚೀಟಿ ಮಾತ್ರವಿದೆ. ಒಂದು ಪರೀಕ್ಷೆಗೆಂದು ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತಿದರೆ ರೋಗಿಯ ಕೂಲಿಯೂ ಹೋಯಿತು, ಜೊತೆಗೆ ಬಂದವನ ಕೂಲಿಯೂ ಹೋಯಿತು. ಎರಡು ಸಲ ಹೋದವನು ಮೂರನೆಯ ಸಲ ಹೋಗುವುದಿಲ್ಲ. ಪರೀಕ್ಷೆ ಮಾಡಿಸದವನಿಗೆ ಭಯ. ಭಯವಿದ್ದವನಿಗೆ ಸೊಪ್ಪು ಬಿಡುವುದೊಂದೇ ತೋಚುವ ದಾರಿ.

ನಾನು ಕೇಳುವುದು ಆಕಾಶದ ಚಂದ್ರನನ್ನಲ್ಲ. ಮೊದಲನೆಯದಾಗಿ, ಐ.ಎನ್.ಆರ್. ಪರೀಕ್ಷೆ ಮದ್ದೂರು, ಮಳವಳ್ಳಿಗಳಂಥ ತಾಲ್ಲೂಕಿನ ಸರಕಾರಿ ಆಸ್ಪತ್ರೆಗಳಲ್ಲಿ ವಾರದ ಗೊತ್ತಾದ ಒಂದು ದಿನ, ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಕಾಸಿಲ್ಲದೆ ನಡೆಯಲಿ. ಬೆರಳ ತುದಿಯ ಒಂದು ಹನಿ ರಕ್ತದಿಂದ ಇದನ್ನು ಹೇಳುವ ಯಂತ್ರಗಳು ಬಂದಿವೆ. ಎರಡನೆಯದಾಗಿ, ಪ್ರತಿ ರೋಗಿಯ ಕೈಯಲ್ಲಿ ಕನ್ನಡದ ಒಂದು ಪುಸ್ತಕ ಇರಲಿ: ಮಾತ್ರೆಯ ಹೆಸರು, ಅಳತೆ, ನುಂಗುವ ಹೊತ್ತು, ಪ್ರತಿ ಸಲದ ಅಂಕಿ. ಒಂದು ಹೊತ್ತಿನ ಮಾತ್ರೆ ಮರೆತರೆ ಮಾರನೆಯ ದಿನ ಎರಡು ನುಂಗಬಾರದೆಂಬುದೂ, ಕಪ್ಪು ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತ, ತಲೆಗೆ ಪೆಟ್ಟು, ಬಾಯಿ ಸೊಟ್ಟಗಾಗುವುದು ಇವುಗಳಲ್ಲಿ ಒಂದು ಕಂಡರೂ ಕೂಡಲೆ ಆಸ್ಪತ್ರೆಗೆ ಓಡಬೇಕೆಂಬುದೂ ಅದರಲ್ಲಿ ದಪ್ಪಕ್ಷರದಲ್ಲಿರಲಿ. ಹಲ್ಲು ಕೀಳುವವರಿಗೂ ಔಷಧದ ಅಂಗಡಿಯವರಿಗೂ ಆ ಪುಸ್ತಕವನ್ನು ಮೊದಲು ತೋರಿಸುವುದು ರೂಢಿಯಾಗಲಿ. ಮೂರನೆಯದಾಗಿ, ಮದುವೆಯಾದ, ಆಗಲಿರುವ ಹೆಣ್ಣುಮಕ್ಕಳಿಗೆ ಈ ಮಾತ್ರೆ ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿಗೆ ಕೇಡುಮಾಡಬಲ್ಲದೆಂದು ಮುಂಚೆಯೇ ತಿಳಿಸಲಿ. ಮುಟ್ಟು ನಿಂತೊಡನೆ, ಮಾತ್ರೆಯನ್ನು ತಾವಾಗಿ ಬಿಡದೆ, ಡಾಕ್ಟರಲ್ಲಿಗೆ ಹೋಗಬೇಕೆಂದು ಹೇಳಲಿ. ಅತ್ತೆಯ ಮುಂದೆ ಹೇಳಲಾರದ್ದನ್ನು ನರ್ಸಮ್ಮ ಒಳಗೆ ಕರೆದು ಹೇಳಬಹುದು.

ಕೊನೆಯದಾಗಿ ಆ ಚೀಟಿಯ ಮಾತು. “ಸೊಪ್ಪು ಬೇಡ” ಎಂಬ ಎರಡು ಪದಗಳನ್ನು ಹೊಡೆದುಹಾಕಿ, “ಸೊಪ್ಪು ದಿನವೂ ಒಂದೇ ಅಳತೆ, ಹೊಸ ಮಾತ್ರೆ, ಪುಡಿ, ಕಷಾಯ, ಸೂಜಿಗೆ ಮುಂಚೆ ಕೇಳಿ” ಎಂದು ಬರೆದರೆ ಎಷ್ಟು ಶಾಯಿ ಖರ್ಚಾದೀತು? ಮಳವಳ್ಳಿಯ ಅಜ್ಜಿಗೆ ಅಷ್ಟು ಹೇಳಿದರೆ ಸಾಕು. ಮಿಕ್ಕದ್ದನ್ನು ಅವಳ ಸೌಟು ನೋಡಿಕೊಳ್ಳುತ್ತದೆ.